ಐದು ವರ್ಷ ಬಳಸಿದ 32 ಜಿಬಿ ಪೆನ್ ಡ್ರೈವ್: ನಾನು ಮಾಡಿದ ತಪ್ಪುಗಳ ಸಮೇತ

ಈ ಪೆನ್ ಡ್ರೈವ್ ಕೊಂಡದ್ದು 2020ರ ದೀಪಾವಳಿ ಹೊತ್ತಿಗೆ, ಸಾಗರದ ಒಂದು ಮೊಬೈಲ್ ಅಂಗಡಿಯಲ್ಲಿ. 32 ಜಿಬಿ, ಯುಎಸ್‌ಬಿ 2.0, ಬೆಲೆ ನಾನೂರರ ಆಸುಪಾಸು. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಬೆಲೆಯ ಡ್ರೈವ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ತರ. ಅಲ್ಲದೆ ನಾನು ಪಟ್ಟ ಪಾಡಿನಲ್ಲಿ ಮುಕ್ಕಾಲು ಪಾಲು ನನ್ನದೇ ಕೈವಾಡ. ಆಗ ನನ್ನ ಹತ್ತಿರ ಇದ್ದದ್ದು ಮಗಳು ಬಿಟ್ಟುಹೋದ ಹಳೆ ಲ್ಯಾಪ್‌ಟಾಪ್. ಅದನ್ನು ಆನ್ ಮಾಡುವುದು, ಆಫ್ ಮಾಡುವುದು ಗೊತ್ತಿತ್ತು, ಅಷ್ಟೇ.

ಚುಚ್ಚಿದ ಕೂಡಲೇ ಮೊದಲ ಬೇಸರ. 32 ಇರಬೇಕಾದ ಕಡೆ 29 ಜಿಬಿ ಚಿಲ್ಲರೆ ತೋರಿಸಿತು. ಅಂಗಡಿಯವನು ಟೋಪಿ ಹಾಕಿದ ಅಂದುಕೊಂಡೆ. ಪಾಪ, ಅವನ ತಪ್ಪಲ್ಲ. ಡ್ರೈವ್ ಮಾಡುವವರಿಗೆ ಒಂದು ಜಿಬಿ ಅಂದರೆ ನೂರು ಕೋಟಿ ಬೈಟ್. ವಿಂಡೋಸ್‌ಗೆ ಅದು 107 ಕೋಟಿಗೂ ಸ್ವಲ್ಪ ಜಾಸ್ತಿ. ಅಕ್ಕಿ ಅಷ್ಟೇ ಇದೆ, ಅಳೆಯುವ ಸೇರು ದೊಡ್ಡದು. ಆದರೆ ಐನೂರು ರೂಪಾಯಿಗೆ 2 ಟಿಬಿ ಅಂತ ಮಾರುವ ಡ್ರೈವ್‌ಗಳಿವೆಯಲ್ಲ, ಅವು ನಿಜವಾದ ಟೋಪಿ. ಒಳಗೆ ಚಿಕ್ಕ ಚಿಪ್ ಇಟ್ಟು ಸುಳ್ಳು ಅಳತೆ ಹೇಳಿಸಿರುತ್ತಾರೆ. ಚಿಪ್ ತುಂಬಿದ ಮೇಲೆ ಹಾಕಿದ್ದೆಲ್ಲ ಹಾಳು.

ಮೊದಲ ಸಲ ಕಾಪಿ ಮಾಡಿದ್ದು ತೋಟದ ಪಹಣಿಯ ಪಿಡಿಎಫ್. ಪರದೆಯ ಮೇಲಿದ್ದ ಚಿತ್ರದ ಮೇಲೆ ರೈಟ್ ಕ್ಲಿಕ್, ಕಾಪಿ, ಆಮೇಲೆ ಪೆನ್ ಡ್ರೈವ್ ತೆರೆದು ಪೇಸ್ಟ್. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಜೆರಾಕ್ಸ್ ಅಂಗಡಿಯಲ್ಲಿ ನೋಡಿದರೆ ಫೈಲ್ ತೆರೆಯುವುದೇ ಇಲ್ಲ! ನಾನು ಕಾಪಿ ಮಾಡಿದ್ದು ಶಾರ್ಟ್‌ಕಟ್ ಅಂತೆ. ಮೂಲೆಯಲ್ಲಿ ಚಿಕ್ಕ ಬಾಣದ ಗುರುತು ಇರುತ್ತದಲ್ಲ, ಅದು. ಮನೆಯ ವಿಳಾಸ ಬರೆದ ಚೀಟಿ ಒಯ್ದು, ಮನೆಯನ್ನೇ ತಂದಿದ್ದೇನೆ ಅಂದಂತಾಯಿತು. ಅಂದಿನಿಂದ ಫೈಲಿನ ಸೈಜ್ ನೋಡುವ ಚಟ ಹತ್ತಿದೆ. ಒಂದೆರಡು ಕೆಬಿ ಇದ್ದರೆ ಅನುಮಾನ ಪಡಿ. ಕಾಪಿ ಆದ ಮೇಲೆ ಪೆನ್ ಡ್ರೈವ್‌ನಲ್ಲಿರುವ ಪ್ರತಿಯನ್ನೇ ಒಮ್ಮೆ ತೆರೆದು ನೋಡಿ. ಮತ್ತೆ, ಕಲಿಯುವ ದಿನಗಳಲ್ಲಿ 'ಕಟ್' ಕಡೆ ತಲೆ ಹಾಕಲೇಬೇಡಿ. ಕಾಪಿ ಮಾಡಿದರೆ ಮೂಲ ಅಲ್ಲೇ ಇರುತ್ತದೆ. ಕಟ್ ಮಾಡಿದರೆ ಇರುವುದು ಒಂದೇ ಪ್ರತಿ, ಅದೂ ಜೇಬಿನಿಂದ ಬಿದ್ದುಹೋಗುವ ಜಾಗದಲ್ಲಿ.

ವೇಗದ ವಿಷಯ. ಡಬ್ಬದ ಮೇಲೆ 480 ಅಂತ ದೊಡ್ಡದಾಗಿ ಇತ್ತು. ಅದು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅಂತ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಿದರೆ 60 ಮೆಗಾಬೈಟ್ (ಎಂಬಿ). ನನ್ನದು ಬರೆಯುವಾಗ ಸೆಕೆಂಡಿಗೆ ಏಳೆಂಟು ಎಂಬಿ ದಾಟಿದ್ದೇ ಇಲ್ಲ. ಒಂದೇ ದೊಡ್ಡ ವಿಡಿಯೊ ಆದರೆ ಪರವಾಗಿಲ್ಲ. ಸಾವಿರಾರು ಚಿಕ್ಕ ಫೋಟೊ ಆದರೆ ಕಾಫಿ ಕುಡಿದು, ಹೂ ಕೊಯ್ದು ಬಂದರೂ ಮುಗಿದಿರುವುದಿಲ್ಲ. ಪ್ರತಿ ಫೈಲಿಗೂ ಹೆಸರು, ಜಾಗ ಬರೆದುಕೊಳ್ಳುವ ಕೆಲಸ ಬೇರೆಯೇ ಇರುತ್ತದೆ. ಫೋಟೊಗಳನ್ನೆಲ್ಲ ಜಿಪ್ ಮಾಡಿ, ಅಂದರೆ ಒಂದೇ ಫೈಲಿನ ಗಂಟು ಕಟ್ಟಿ ಕಳಿಸಿದರೆ ಎಷ್ಟೋ ವಾಸಿ.

ಎರಡನೇ ವರ್ಷ ತಂಗಿ ಮಗನ ಮದುವೆ ವಿಡಿಯೊ ಬಂತು. ಒಂದೇ ಫೈಲು, 6 ಜಿಬಿ. ಡ್ರೈವ್‌ನಲ್ಲಿ 20 ಜಿಬಿ ಖಾಲಿ ಇದೆ, ಆದರೂ ಫೈಲ್ ತುಂಬಾ ದೊಡ್ಡದು ಅಂತ ಹಟ. ಫ್ಯಾಟ್32 ಅನ್ನುವ ಹಳೆ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಒಂದೊಂದು ಫೈಲಿಗೆ 4 ಜಿಬಿ ಮಿತಿ, ಉಳಿದ ಜಾಗ ಎಷ್ಟಿದ್ದರೂ ಅಷ್ಟೇ. ಈ ಮಿತಿ ಇಲ್ಲದ ಎಕ್ಸ್‌ಫ್ಯಾಟ್ ಪದ್ಧತಿಗೆ ಬದಲಾಯಿಸಿದೆ. ಫಾರ್ಮ್ಯಾಟ್ ಅಂದರೆ ಇದ್ದದ್ದೆಲ್ಲ ಹೋಗುತ್ತದೆ, ಮೊದಲೇ ಬೇರೆ ಕಡೆ ತೆಗೆದಿಡಬೇಕು. ವಿಡಿಯೊ ಕಾಪಿ ಆಯಿತು. ಖುಷಿಯಿಂದ ಟಿವಿಗೆ ಚುಚ್ಚಿದರೆ ನಮ್ಮ ಹಳೆ ಟಿವಿ ಎಕ್ಸ್‌ಫ್ಯಾಟ್ ಓದುವುದಿಲ್ಲ! ನೆಂಟರೆಲ್ಲ ಚಾಪೆ ಹಾಸಿಕೊಂಡು ಕೂತಿದ್ದರು. ಕೊನೆಗೆ ಲ್ಯಾಪ್‌ಟಾಪನ್ನೇ ನಡುಮನೆಯಲ್ಲಿಟ್ಟು ಎಲ್ಲರೂ ಕತ್ತು ಚಾಚಿ ನೋಡಿದ್ದಾಯಿತು.

ಆಮೇಲೆ ಮಗಳು ಲ್ಯಾಪ್‌ಟಾಪಿಗೆ ವಿಂಡೋಸ್ ತರದ್ದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಹಾಕಿಕೊಟ್ಟಳು. ನಿಜವಾದ ಪಾಠ ಕಲಿತದ್ದು ಅಲ್ಲಿ. ಇದರಲ್ಲಿ ಕಾಪಿ ಪಟ್ಟಿ ಸರ್ರನೆ ಓಡಿ ಮುಗಿದಂತೆ ಕಾಣುತ್ತದೆ. ಮುಗಿದಿರುವುದಿಲ್ಲ. ಕಂಪ್ಯೂಟರ್ ಫೈಲನ್ನು ತನ್ನ ನೆನಪಿನಲ್ಲಿ ತುಂಬಿಕೊಂಡು, ನಿಧಾನವಾಗಿ ಹಿಂದಿನಿಂದ ಡ್ರೈವ್‌ಗೆ ಸುರಿಯುತ್ತಿರುತ್ತದೆ. ಬಸ್ಸಿಗೆ ಹೊತ್ತಾಯಿತು ಅಂತ ಎಳೆದುಕೊಂಡು ಓಡಿದೆ. ಶಿವಮೊಗ್ಗದಲ್ಲಿ ತೆರೆದರೆ ಅರ್ಧ ಫೋಟೊಗಳು ಬೂದು ಬಣ್ಣದ ಪಟ್ಟಿ. ಈಗ ಡ್ರೈವ್ ತೆಗೆಯುವ ಮೊದಲು ಎಜೆಕ್ಟ್ ಅನ್ನುವ ಗುಂಡಿ ಒತ್ತುತ್ತೇನೆ, ಇನ್ನೂ ಬರೆಯುತ್ತಿದ್ದೇನೆ ತೆಗೆಯಬೇಡಿ ಅಂದರೆ ಸುಮ್ನೆ ಕಾಯುತ್ತೇನೆ. ವಿಂಡೋಸ್‌ನಲ್ಲೂ ಅದೇ ಅಭ್ಯಾಸ ಒಳ್ಳೆಯದು. ಡ್ರೈವ್‌ನ ಪುಟ್ಟ ದೀಪ ಮಿಣುಕುತ್ತಿದ್ದರೆ ಕೈ ಹಾಕಬೇಡಿ.

ಲಿನಕ್ಸ್‌ನಲ್ಲಿ ಇನ್ನೊಂದು ತಮಾಷೆ. ಫೈಲ್ ಅಳಿಸಿದರೂ ಜಾಗ ಖಾಲಿ ಆಗುತ್ತಿರಲಿಲ್ಲ. ಅಳಿಸಿದ್ದೆಲ್ಲ ಪೆನ್ ಡ್ರೈವ್‌ನಲ್ಲೇ ಒಂದು ಮುಚ್ಚಿಟ್ಟ ಕಸದ ಫೋಲ್ಡರ್‌ನಲ್ಲಿ ಕೂತಿತ್ತು. ಡ್ರೈವ್ ಚುಚ್ಚಿರುವಾಗಲೇ ಕಸದ ಬುಟ್ಟಿ ಖಾಲಿ ಮಾಡಬೇಕು. ವಿಂಡೋಸ್‌ನಲ್ಲಿ ಇದಕ್ಕೆ ತದ್ವಿರುದ್ಧ. ಪೆನ್ ಡ್ರೈವ್‌ನಿಂದ ಅಳಿಸಿದ್ದು ರೀಸೈಕಲ್ ಬಿನ್‌ಗೂ ಬರುವುದಿಲ್ಲ, ಹೋಯಿತು ಅಂದರೆ ಹೋಯಿತು.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು. ಊರಿನ ದೇವಸ್ಥಾನದ ಕರೆಯೋಲೆಯನ್ನು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಅಕ್ಷರಗಳಲ್ಲಿ ಟೈಪ್ ಮಾಡಿ ಬೆಂಗಳೂರಿಗೆ ಒಯ್ದಿದ್ದೆ. ಪ್ರಿಂಟ್ ಅಂಗಡಿಯಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಚುಕ್ಕೆ ಗೆರೆ, ದೇವರಿಗೇ ಓದಲಾಗದ ಭಾಷೆ. ಫೈಲು ಕೆಟ್ಟಿರಲಿಲ್ಲ. ಆ ಹಳೆ ಫಾಂಟ್‌ಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಕನ್ನಡದ ರೂಪ ಕೊಡುವುದು ಫಾಂಟ್. ಅಲ್ಲಿ ಆ ಫಾಂಟ್ ಇರಲಿಲ್ಲ, ನಾನೂ ಒಯ್ದಿರಲಿಲ್ಲ. ಕನ್ನಡ ಅಕ್ಷರಕ್ಕೇ ಸ್ವಂತ ಸಂಕೇತ ಇರುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಇಲ್ಲವೇ ಪಿಡಿಎಫ್ ಮಾಡಿಕೊಂಡು ಹೋಗಿ.

ಅಂಗಡಿ ಅಂದಾಗ ನೆನಪಾಯಿತು. ಒಂದು ಸಲ ಹೊರಗಡೆ ಪ್ರಿಂಟ್ ತೆಗೆಸಿ ಬಂದ ಮೇಲೆ ಫೋಲ್ಡರ್‌ಗಳೆಲ್ಲ ಮಾಯ, ಒಂದೇ ಒಂದು ಶಾರ್ಟ್‌ಕಟ್ ಉಳಿದಿತ್ತು. ವೈರಸ್. ಫೈಲುಗಳನ್ನು ಬಚ್ಚಿಟ್ಟು, ನಾವು ಶಾರ್ಟ್‌ಕಟ್ ಒತ್ತಲಿ ಅಂತ ಕಾಯುತ್ತದೆ. ಒತ್ತಲಿಲ್ಲ, ಪುಣ್ಯ. ಲಿನಕ್ಸ್‌ನಲ್ಲಿ ತೆರೆದಾಗ ಎಲ್ಲವೂ ಇದ್ದವು. ಈಗ ಅಂಗಡಿಗೆ ಒಯ್ಯಲು ಹಳೆಯ 4 ಜಿಬಿ ಡ್ರೈವ್ ಬೇರೆಯೇ ಇಟ್ಟಿದ್ದೇನೆ.

ಗಟ್ಟಿತನಕ್ಕೆ ಪೂರ್ತಿ ಅಂಕ. ಮುಚ್ಚಳ ತಿಂಗಳೊಳಗೆ ಕಳೆಯಿತು. ಒಮ್ಮೆ ಅಂಗಿ ಜೇಬಿನಲ್ಲೇ ವಾಷಿಂಗ್ ಮೆಷಿನ್‌ಗೆ ಹೋಯಿತು. ಎರಡು ದಿನ ನೆರಳಲ್ಲಿ ಒಣಗಿಸಿ ಚುಚ್ಚಿದೆ, ಓಡಿತು. ಹಾಗಂತ ಮನೆಯ ಫೋಟೊಗಳನ್ನೆಲ್ಲ ಇದರಲ್ಲೇ ಇಟ್ಟು ಮರೆಯುವ ಧೈರ್ಯ ನನಗಿಲ್ಲ. ಒಳಗಿನ ಚಿಪ್ ಮಾಹಿತಿಯನ್ನು ವಿದ್ಯುತ್ ಕಣಗಳಾಗಿ ಹಿಡಿದಿಡುತ್ತದೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಅವು ಮೆಲ್ಲಗೆ ಸೋರಿಹೋಗಬಹುದು. ಇದು ಸಂತೆಗೆ ಒಯ್ಯುವ ಚೀಲ, ಭತ್ತ ತುಂಬಿಡುವ ಕಣಜ ಅಲ್ಲ. ಫೋಟೊಗಳು ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಪ್ರತಿ ಇವೆ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆ ಅಂಕವೂ ವೇಗಕ್ಕೆ. ಈಗ ಕೊಳ್ಳುವವರು ಸ್ವಲ್ಪ ಜಾಸ್ತಿ ಕೊಟ್ಟಾದರೂ ಯುಎಸ್‌ಬಿ 3 ಇರುವುದನ್ನೇ ತೆಗೆದುಕೊಳ್ಳಿ. ಒಂದು ತುದಿಗೆ ಟೈಪ್-ಸಿ ಇದ್ದರೆ ಮೊಬೈಲ್‌ನ ಫೋಟೊಗಳನ್ನೂ ನೇರವಾಗಿ ಇಳಿಸಬಹುದು. ಲ್ಯಾಪ್‌ಟಾಪಿನಲ್ಲಿ ನೀಲಿ ನಾಲಿಗೆಯ ಕಿಂಡಿ ಇದ್ದರೆ ಸಾಮಾನ್ಯವಾಗಿ ಅದು ಯುಎಸ್‌ಬಿ 3ರದ್ದು, ಅಲ್ಲೇ ಚುಚ್ಚಿ. ನನ್ನದರಲ್ಲಿ ಅಂಥ ಕಿಂಡಿ ಇಲ್ಲ, ಹಾಗಾಗಿ ಈ ಹಳೇ ಡ್ರೈವ್ ಇನ್ನೂ ಬೀಗದ ಕೈ ಗೊಂಚಲಿನಲ್ಲೇ ನೇತಾಡುತ್ತಿದೆ.