ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಯೂನಿಟ್: 5ಕ್ಕೆ 4 ಸ್ಟಾರ್

ವಾರಕ್ಕೆ 3 ಸಲ, ಒಂದೊಂದ್ಸಲಕ್ಕೂ 4 ಗಂಟೆ ಡಯಾಲಿಸಿಸ್ ಮಷೀನ್ ಪಕ್ಕ ಮಲಗಿ ಮಲಗಿ ಸಾಕಾಗಿತ್ತು ನಮ್ಮಣ್ಣಂಗೆ, ನೀರು ಕುಡಿಯೋಕೂ ಅಳತೆ. ಯಾರೋ ಗುರುತಿಲ್ಲದ ಮನೆಯವ್ರು ತಮ್ಮ ದುಃಖದಲ್ಲೂ ಹೂಂ ಅಂದಿದ್ದಕ್ಕೆ ಕಿಡ್ನಿ ಸಿಕ್ತು. ಹಳೇದನ್ನ ತೆಗೆದುಬಿಡ್ತಾರೆ ಅನ್ಕೊಂಡಿದ್ದೆ, ಸಾಮಾನ್ಯವಾಗಿ ಇಲ್ವಂತೆ, ಅದು ಅಲ್ಲೇ ಇರುತ್ತೆ, ಹೊಸದನ್ನ ಕೆಳಹೊಟ್ಟೆ ಒಂದ್ ಪಕ್ಕಕ್ಕೆ ಕೂರಿಸ್ತಾರೆ. ಕೋಆರ್ಡಿನೇಟರ್ ಮೇಡಂ ಇದನ್ನೆಲ್ಲ ಚಿತ್ರ ಬರೆದು ತೋರಿಸಿದ್ರು, ಹೊಸ ಕಿಡ್ನಿನ ದೇಹ ತಿರಸ್ಕರಿಸದ ಹಾಗೆ ಇಮ್ಯುನಿಟಿ ತಗ್ಗಿಸೋ ಟ್ಯಾಕ್ರೋಲಿಮಸ್ ಮಾತ್ರೆ 12 ಗಂಟೆಗೊಂದ್ಸಲ ತಪ್ಪಿಸ್ಬೇಡಿ, ರಕ್ತದಲ್ಲಿ ಆ ಔಷಧಿ ಎಷ್ಟಿದೆ ಅಂತ ನೋಡೋ ಲೆವೆಲ್ ಟೆಸ್ಟ್ ದಿನ ರಕ್ತ ಕೊಟ್ಟಾದ್ಮೇಲೇ ಬೆಳಗಿನ ಡೋಸ್ ಅಂತ ಹತ್ತು ಸಲ ಹೇಳಿರ್ಬೇಕು. ಒಂದು ಸ್ಟಾರ್ ಕಟ್ ಮಾಡಿದ್ದು ಲ್ಯಾಬ್ ಕ್ಯೂಗೆ, ಇಮ್ಯುನಿಟಿ ಕಮ್ಮಿ ಇರೋವ್ರನ್ನ ಕೆಮ್ಮೋ ಜನರ ಮಧ್ಯೆ ಕೂರಿಸೋದು ಯಾವ ನ್ಯಾಯ ಹೇಳಿ! ಅಣ್ಣ ಮಾತ್ರ ಈಗ ಚೊಂಬುಗಟ್ಲೆ ನೀರು ಕುಡೀತಾನೆ.