ಮೀಡಿಯಂ ವೇವ್ ಲೂಪ್ ಆಂಟೆನಾ: ಆರು ವರ್ಷದ ಬೆಳಗಿನ ಜಾವಗಳ ನಂತರ

ಗೇಣಗಲಕ್ಕಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಬಳೆ, ಅದರೊಳಗೆ ತಾಮ್ರದ ತಂತಿಯ ಸುತ್ತುಗಳು, ಬುಡದಲ್ಲೊಂದು ತಿರುಗುಣಿ. ಇಷ್ಟೇ ಇದು. ಬ್ಯಾಟರಿ ಬೇಡ, ಕರೆಂಟ್ ಬೇಡ. ರೇಡಿಯೊಗೆ ವಯರ್ ಜೋಡಿಸುವುದೂ ಬೇಡ, ಪಕ್ಕದಲ್ಲಿಟ್ಟರೆ ಸಾಕು. ರೇಡಿಯೊ ಒಳಗೇ ಆಂಟೆನಾ ಆಗಿ ಕೂತಿರುವ ಫೆರೈಟ್ ಕಡ್ಡಿಗೆ ಸಿಗ್ನಲ್ ತಾನಾಗಿ ದಾಟಿಕೊಳ್ಳುತ್ತದೆ. ಆರು ವರ್ಷದಿಂದ ದೂರದೇಶದ ಸ್ಟೇಷನ್ ಹುಡುಕುವ ನನ್ನ ಎಲ್ಲ ಬೆಳಗಿನ ಜಾವಗಳೂ ಇದರ ಜೊತೆಯಲ್ಲೇ ಕಳೆದಿವೆ.

"ಹಾಕಿದರೂ ಏನೂ ವ್ಯತ್ಯಾಸ ಆಗಲಿಲ್ಲ" ಎನ್ನುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ರೇಡಿಯೊವನ್ನು ತಪ್ಪು ದಿಕ್ಕಿನಲ್ಲಿ ಇಟ್ಟಿರುತ್ತಾರೆ. ಫೆರೈಟ್ ಕಡ್ಡಿ ಸಾಮಾನ್ಯವಾಗಿ ರೇಡಿಯೊದ ಮೇಲಂಚಿನಲ್ಲಿ ಉದ್ದಕ್ಕೆ ಮಲಗಿರುತ್ತದೆ. ಆ ಕಡ್ಡಿ ಬಳೆಯೊಳಗೆ ತೂರಿ ಹೋಗುವ ದಿಕ್ಕಿಗೆ ಮುಖ ಮಾಡಿರಬೇಕು, ಬಳೆಗೆ ಸಮಾನಾಂತರವಾಗಿ ಅಲ್ಲ. ಮೊದಲು ರೇಡಿಯೊದಲ್ಲಿ ಫ್ರೀಕ್ವೆನ್ಸಿ ಹಾಕಿ, ಆಮೇಲೆ ಲೂಪ್‌ನ ತಿರುಗುಣಿಯನ್ನು ನಿಧಾನಕ್ಕೆ ತಿರುಗಿಸಿ. ಒಂದು ಜಾಗದಲ್ಲಿ ಗೊರಗೊರ ಸದ್ದು ಏರಿ ಮತ್ತೆ ಇಳಿಯುತ್ತದೆ. ಏರಿದ ತುದಿಯೇ ನಿಮಗೆ ಬೇಕಾದದ್ದು. 550 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಆ ಜಾಗ ಸುಲಭವಾಗಿ ಸಿಗುತ್ತದೆ. 1500 ದಾಟಿದ ಮೇಲೆ ಕೂದಲೆಳೆಯಷ್ಟು ತಿರುಗಿಸಿದರೂ ತಪ್ಪಿಹೋಗುತ್ತದೆ. ಸ್ಟೇಷನ್ ಬದಲಾಯಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ತಾಳ್ಮೆ ಇಲ್ಲದವರಿಗೆ ಇದೊಂದೇ ಸಾಕು, ಲೂಪ್ ಮೂಲೆ ಸೇರುತ್ತದೆ.

ಸಿಗ್ನಲ್ ಜೋರಾಗುತ್ತದೆ ಎಂದು ಕೊಂಡೆ. ನಿಜವಾದ ಬೆಲೆ ಗೊತ್ತಾದದ್ದು ಎರಡನೇ ವರ್ಷದಲ್ಲಿ. ಲೂಪ್‌ಗೆ ಕಿವುಡು ದಿಕ್ಕೊಂದಿದೆ. ಬಳೆಯ ಅಗಲವಾದ ಮುಖ ಯಾವ ಕಡೆಗಿದೆಯೋ ಆ ಕಡೆಯಿಂದ ಬರುವುದು ಅದಕ್ಕೆ ಕೇಳಿಸುವುದಿಲ್ಲ. ಡಿಎಕ್ಸ್, ಅಂದರೆ ದೂರದ ಕೇಂದ್ರಗಳನ್ನು ಹುಡುಕಿ ಕೇಳುವವರು ಇದನ್ನು ನಲ್ ಅನ್ನುತ್ತಾರೆ. ಒಂದು ಬೆಳಗ್ಗೆ ಒಂದೇ ಚಾನೆಲ್‌ನಲ್ಲಿ ಎರಡು ಕೇಂದ್ರ. ಜೋರಾದದ್ದು ಹತ್ತಿರದ್ದು, ದಿನವೂ ಕೇಳುವ ದನಿ. ರೇಡಿಯೊ ಮತ್ತು ಲೂಪ್ ಎರಡನ್ನೂ ಒಂದೇ ಹಲಗೆಯ ಮೇಲಿಟ್ಟು ಹಲಗೆಯನ್ನೇ ಮೆಲ್ಲಗೆ ತಿರುಗಿಸುತ್ತಾ ಬಂದೆ. ಆ ದನಿ ತೆಳುವಾಗಿ, ಇನ್ನೂ ತೆಳುವಾಗಿ, ಕೊನೆಗೆ ಅಳಿದೇಹೋಯಿತು. ಅದರ ಅಡಿಯಿಂದ ಅರಬ್ಬಿ ಭಾಷೆಯಲ್ಲಿ ಹೆಂಗಸೊಬ್ಬಳು ಸುದ್ದಿ ಓದುತ್ತಿದ್ದಳು, ಅಲೆಯಂತೆ ಏರುತ್ತಾ ಇಳಿಯುತ್ತಾ. ಉಸಿರು ಬಿಗಿಹಿಡಿದು ಕೂತಿದ್ದೆ. ಗಂಟೆ ಹೊಡೆಯುವ ಹೊತ್ತಿಗೆ ಸಿಗ್ನಲ್ ಇಳಿದು ಐಡಿ, ಅಂದರೆ ಕೇಂದ್ರ ತನ್ನ ಹೆಸರು ಹೇಳುವ ಮಾತು, ಮುಳುಗಿತು. ಮರುದಿನ ಅದೇ ಹೊತ್ತಿಗೆ ರೆಕಾರ್ಡರ್ ಹಾಕಿ ಕೂತು ಹಿಡಿದೆ. ಲಕ್ಷಣವಾದ ದೊಡ್ಡ ರೇಡಿಯೊ ಇದ್ದರೂ ನಲ್ ಇಲ್ಲದಿದ್ದರೆ ಆ ದನಿ ಹೊರಗೆ ಬರುತ್ತಿರಲಿಲ್ಲ.

ಬೆಳಗಿನ ಜಾವವೇ ಏಕೆ ಎಂದರೆ, ಹಗಲಿನಲ್ಲಿ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ವಾತಾವರಣದೊಳಗಿನ ಡಿ ಎಂಬ ಪದರ ಮೀಡಿಯಂ ವೇವ್ ಅಲೆಗಳನ್ನು ನುಂಗಿಬಿಡುತ್ತದೆ. ರಾತ್ರಿ ಆ ಪದರ ಕರಗುವುದರಿಂದ ಅಲೆಗಳು ಇನ್ನೂ ಮೇಲಕ್ಕೆ ಹೋಗಿ ಪ್ರತಿಫಲಿಸಿ, ಸಾವಿರಾರು ಕಿಲೋಮೀಟರ್ ದೂರದಲ್ಲಿ ಇಳಿಯುತ್ತವೆ. ಬೆಳಕು ಹರಿಯುತ್ತಿದ್ದಂತೆ ಪೂರ್ವದ ಕೇಂದ್ರಗಳು ಮೊದಲು ಮುಳುಗುತ್ತವೆ, ಅಲ್ಲಿ ಆಗಲೇ ಹಗಲು. ಪಶ್ಚಿಮದಲ್ಲಿ ಇನ್ನೂ ಕತ್ತಲೆ, ಅತ್ತಲಿನವು ಉಳಿದಿರುತ್ತವೆ. ಪೈಪೋಟಿ ಕಡಿಮೆಯಾದ ಆ ಅರ್ಧ ಗಂಟೆಯಲ್ಲಿ ಕೆಲವು ಒಮ್ಮೆಲೇ ಉಕ್ಕಿ ಬಂದು ಮಾಯವಾಗುತ್ತವೆ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯವರು ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಕೇಂದ್ರಗಳನ್ನು ಬೇಟೆಯಾಡುವುದೂ ಇದೇ ಹೊತ್ತಿನಲ್ಲಿ. ಅಮೆರಿಕ ಖಂಡಗಳಲ್ಲಿ ಚಾನೆಲ್‌ಗಳ ಅಂತರ 10 ಕಿಲೋಹರ್ಟ್ಸ್, ಉಳಿದೆಡೆ 9. ಹಾಗಾಗಿ ತಮ್ಮ ಕಡೆಯ ಎರಡು ಚಾನೆಲ್‌ಗಳ ನಡುವೆ ಬೀಳುವ ಫ್ರೀಕ್ವೆನ್ಸಿಯಲ್ಲಿ ದನಿ ಕೇಳಿದರೆ ಅದು ಹೊರಗಿನದೆಂಬ ಅನುಮಾನ ತಕ್ಷಣ ಹುಟ್ಟುತ್ತದೆ. ಸುಲಭದ ಗುರುತು: 9ರ ಸಾಲಿನ ಫ್ರೀಕ್ವೆನ್ಸಿಗಳ ಅಂಕಿಗಳನ್ನು ಕೂಡುತ್ತಾ ಹೋದರೆ ಕೊನೆಗೆ 9 ಬರುತ್ತದೆ. 774 ನೋಡಿ: 18, ಆಮೇಲೆ 9.

ಗದ್ದಲವನ್ನು ಈ ಲೂಪ್ ಪೂರ್ತಿ ಕೊಲ್ಲುವುದಿಲ್ಲ. ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್‌ಗಳ ಕಿರಿಕಿರಿಯನ್ನು ಸಿಗ್ನಲ್ ಜೊತೆಗೇ ಎತ್ತಿಕೊಡುತ್ತದೆ. ಗೋಡೆಯಿಂದ ಕೆಲವೇ ಮೀಟರ್ ದೂರ ಬಯಲಿಗೆ ಬಂದರೂ ಅಜಗಜಾಂತರ. ಹತ್ತಿರದಲ್ಲಿ ಸೋಲಾರ್ ಇನ್ವರ್ಟರ್ ಇದ್ದರೆ ಬಿಸಿಲು ಏರುವಷ್ಟರಲ್ಲಿ ಕೇಳಿ ಮುಗಿಸಬೇಕು. ಅದು ಕತ್ತಲಲ್ಲಿ ಮೌನ, ಬೆಳಕು ಬಿದ್ದ ಕೂಡಲೇ ಶುರು.

ಮೂರನೇ ವರ್ಷಕ್ಕೆ ತಿರುಗುಣಿಯ ಗುಬ್ಬಿ ಸಡಿಲವಾಗಿ ಸುಮ್ಮನೆ ಸುತ್ತತೊಡಗಿತು. ತಯಾರಕರಿಗೆ ಬರೆದೆ, ಉತ್ತರ ಬರಲಿಲ್ಲ, ಬೇಸರವಾಯಿತು. ಗುಬ್ಬಿ ಕಿತ್ತು, ಅದು ಕೂರುವ ಕಡ್ಡಿಗೆ ಒಂದು ಪದರ ಟೇಪ್ ಸುತ್ತಿ ಕೂರಿಸಿದೆ, ಇವತ್ತಿಗೂ ಗಟ್ಟಿಯಾಗಿದೆ. ಇನ್ನೊಂದು ಕೊರತೆ, ತಿರುಗುಣಿಯ ಮೇಲೆ ಫ್ರೀಕ್ವೆನ್ಸಿಯ ಗುರುತೇ ಇಲ್ಲ. ಬಿಳಿ ಬಣ್ಣದಿಂದ ಚುಕ್ಕೆ ಇಟ್ಟುಕೊಂಡಿದ್ದೇನೆ, ಕತ್ತಲಲ್ಲಿ ಬೆರಳಿಗೂ ತಾಗುವಷ್ಟು ದಪ್ಪಗೆ.

ಮತ್ತೆ ಕೊಳ್ಳುವೆನಾ? ಖಂಡಿತ. ಆದರೆ ಮೀಡಿಯಂ ವೇವ್ ಕೇಂದ್ರಗಳು ಒಂದೊಂದಾಗಿ ಮುಚ್ಚುತ್ತಿವೆ. ಜರ್ಮನಿಯ ಡಾಯ್ಚ್‌ಲಾಂಡ್‌ಫುಂಕ್ 2015ರ ಕೊನೆಯ ದಿನ ಮೀಡಿಯಂ ವೇವ್ ನಿಲ್ಲಿಸಿತು, ಫ್ರಾನ್ಸ್‌ನ ಸರ್ಕಾರಿ ರೇಡಿಯೊ ಕೂಡ ಅದೇ ಹೊತ್ತಿಗೆ. ಕೇಳಬೇಕೆಂದಿರುವವರು ಮುಂದಿನ ಚಳಿಗಾಲಕ್ಕೆ ಕಾಯದೆ ಈ ವರ್ಷವೇ ಶುರು ಮಾಡಲಿ. ಕೊಳ್ಳುವ ಮುನ್ನ ಒಂದು ಮಾತು: ನಿಮ್ಮ ರೇಡಿಯೊದಲ್ಲಿ ಫೆರೈಟ್ ಕಡ್ಡಿ ಇದೆಯೇ ನೋಡಿಕೊಳ್ಳಿ. ಕಾರಿನ ರೇಡಿಯೊದಂತೆ ಹೊರಗಿನ ಆಂಟೆನಾ ಮಾತ್ರ ನಂಬಿದ ಸೆಟ್ ಆಗಿದ್ದರೆ ಪಕ್ಕದಲ್ಲಿ ಇಟ್ಟು ಪ್ರಯೋಜನವಿಲ್ಲ. ವಯರ್ ಜೋಡಿಸುವ ಸಾಕೆಟ್ ಇರುವ ಮಾದರಿಯನ್ನೇ ತರಿಸಿ.