ನನ್ನ ತಮ್ಮ ಹೋಗುವ ಜೀವನ ಕೌಶಲ ತರಗತಿ ಹೇಗಿದೆ?

ಬೌದ್ಧಿಕ ಅಂಗವೈಕಲ್ಯ ಇರುವ ನನ್ನ ತಮ್ಮ ನಮ್ಮೂರಿನ ವಿಶೇಷ ಶಾಲೆಯ ಜೀವನ ಕೌಶಲ ತರಗತಿಗೆ ಹೋಗುತ್ತಾನೆ. ಅಲ್ಲಿ ಕಲಿಸುವ ರೀತಿ ನನಗೆ ತುಂಬಾ ಇಷ್ಟ. ಅಂಗಿಯ ಗುಂಡಿಗಳನ್ನೆಲ್ಲ ಟೀಚರೇ ಹಾಕಿ, ಕೊನೆಯದನ್ನು ಮಾತ್ರ ಅವನಿಗೆ ಬಿಡುತ್ತಾರೆ. ಅದು ಬಂದ ಮೇಲೆ ಕೊನೆಯ ಎರಡು. ಹೀಗೆ ಹಿಂದಿನಿಂದ ಕಲಿಸಿದರೆ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಅವನದೇ ಅಲ್ವಾ? ಈಗ ಅಂಗಿ ಪೂರ್ತಿ ತಾನೇ ಹಾಕಿಕೊಳ್ಳುತ್ತಾನೆ.

ದುಡ್ಡಿನ ಪಾಠ ಮಾತ್ರ ಸಾಲದು. ಆಟದ ನೋಟು ಕೊಡುತ್ತಾರೆ. ಆದರೆ ಅಂಗಡಿಯಲ್ಲಿ ಹೊಸ 50ರ ನೋಟೂ ನೀಲಿ, ಹಳೇ 100ರ ನೋಟೂ ನೀಲಿ ಛಾಯೆ. ಪಾಪ, ಗೊಂದಲವಾಗುತ್ತದೆ. ನಿಜವಾದ ನೋಟು ಕೊಟ್ಟು ಹಾಲಿನ ಬೂತಿಗೇ ಕರೆದುಕೊಂಡು ಹೋಗಬೇಕು. ಸೇರಿಸುವವರು ಮೊದಲು ಒಂದು ದಿನ ತರಗತಿಯಲ್ಲಿ ಕೂತು ನೋಡಿ. ಕೇಳಿದರೆ ಬಿಡುತ್ತಾರೆ.